ಆಸ್ಪತ್ರೆಗಳಲ್ಲಿ ಅಪೌಷ್ಟಿಕತೆಯ ತಪಾಸಣೆ

ಒಳರೋಗಿಯಾಗಿ ದಾಖಲಾದವರಲ್ಲಿ ಪೋಷಣೆಯ ಕೊರತೆ ಇದೆಯೇ, ಬರುವ ಸಂಭವವಿದೆಯೇ ಎಂದು ಮೊದಲ ಒಂದೆರಡು ದಿನಗಳಲ್ಲೇ ಗುರುತಿಸುವ ಕ್ರಮ. ಹೆಚ್ಚಾಗಿ ನರ್ಸ್‌ಗಳು ಕೆಲವೇ ನಿಮಿಷಗಳಲ್ಲಿ ಇದನ್ನು ಮುಗಿಸುತ್ತಾರೆ. ಅಪಾಯ ಕಂಡವರನ್ನು ಡಯಟಿಷಿಯನ್ ಕೂಲಂಕಷವಾಗಿ ನೋಡುತ್ತಾರೆ.

ಉಣ್ಣಿಸುವ ಕಡೆ ಗಮನವಿಲ್ಲದೆ ಸಾವಿರಾರು ರೋಗಿಗಳು ಹಸಿವಿನಿಂದ ಸೊರಗುತ್ತಾರೆಂದು ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಬರೆದಿದ್ದರು. ಅಂಕಿ ಅಂಶದ ಪುರಾವೆ ಒದಗಿದ್ದು 1936ರಲ್ಲಿ. ಜಠರದ ಹುಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ದಾಖಲೆಗಳನ್ನು ಕ್ಲೀವ್‌ಲ್ಯಾಂಡಿನ ಹೈರಮ್ ಸ್ಟಡ್ಲಿ ಪರಿಶೀಲಿಸಿದರು. ತೂಕದಲ್ಲಿ ಶೇ. 20ಕ್ಕಿಂತ ಹೆಚ್ಚು ಇಳಿದಿದ್ದವರಲ್ಲಿ ಮೂವರಿಗೆ ಒಬ್ಬರು ತೀರಿಕೊಂಡಿದ್ದರು. ಉಳಿದವರಲ್ಲಿ ಸಾವು ಶೇ. 3.5. ಇಷ್ಟು ಸ್ಪಷ್ಟವಾದ ಎಚ್ಚರಿಕೆಗೂ ದಶಕಗಳ ಕಾಲ ಆಸ್ಪತ್ರೆಗಳು ಕಿವಿಗೊಡಲಿಲ್ಲವೆಂಬುದು ನೋವಿನ ಸಂಗತಿ.

1974ರಲ್ಲಿ ಅಲಬಾಮಾದ ವೈದ್ಯ ಚಾರ್ಲ್ಸ್ ಬಟರ್‌ವರ್ತ್, ಆಸ್ಪತ್ರೆಯ ರೂಢಿಗಳೇ ರೋಗಿಗಳನ್ನು ಸೊರಗಿಸುತ್ತಿವೆ ಎಂದು ಬಹಿರಂಗವಾಗಿ ದೂರಿದರು. ಅವರ ದೂರುಗಳಿವು: ಎತ್ತರ, ತೂಕ ಬರೆದಿಡುವವರಿಲ್ಲ. ಪರೀಕ್ಷೆಗಳ ಹೆಸರಲ್ಲಿ ಊಟ ತಪ್ಪುತ್ತದೆ. ದಿನಗಟ್ಟಲೆ ಗ್ಲೂಕೋಸ್ ಡ್ರಿಪ್ಪಿನಲ್ಲೇ ಕಳೆಯುತ್ತದೆ. ಡ್ರಿಪ್ ಹಾಕಿದರೆ ಹೊಟ್ಟೆಗೆ ಬಿದ್ದಂತೆ ಎಂಬ ನಂಬಿಕೆ ನಮ್ಮಲ್ಲೂ ಗಟ್ಟಿಯಾಗಿದೆ. ಆದರೆ ಶೇ. 5ರ ಗ್ಲೂಕೋಸ್ ಒಂದು ಲೀಟರಿನಲ್ಲಿ ಸಿಗುವುದು ಸುಮಾರು 200 ಕ್ಯಾಲರಿಯಷ್ಟೇ, ಪ್ರೋಟೀನ್ ಸೊನ್ನೆ.

ಅಪೌಷ್ಟಿಕತೆ ಗುರುತಿಸಲು ಮೊದಮೊದಲು ರಕ್ತದಲ್ಲಿನ ಅಲ್ಬುಮಿನ್ ಎಂಬ ಪ್ರೋಟೀನ್ ಅಳೆಯುವ ಕ್ರಮವಿತ್ತು. ಸೋಂಕು, ಉರಿಯೂತಗಳಿಂದಲೂ ಅದು ಇಳಿಯುವುದರಿಂದ ಭರವಸೆಗೆ ಅರ್ಹವಲ್ಲ. ರೋಗಿಯನ್ನು ವಿಚಾರಿಸಿ, ಮೈಮುಟ್ಟಿ ನೋಡಿ ನಿರ್ಣಯಿಸುವ ಕ್ರಮವನ್ನು ಟೊರೊಂಟೊದ ವೈದ್ಯರು 1980ರ ದಶಕದಲ್ಲಿ ರೂಪಿಸಿದರು. 1999ರಲ್ಲಿ ಆಸ್ಟ್ರೇಲಿಯಾದವರು ತಪಾಸಣೆಯನ್ನು ಎರಡೇ ಪ್ರಶ್ನೆಗಳಿಗೆ ಇಳಿಸಿದರು: ತಾನಾಗಿ ತೂಕ ಇಳಿದಿದೆಯೇ? ಹಸಿವಿಲ್ಲದೆ ಊಟ ಕಡಿಮೆಯಾಗಿದೆಯೇ?

2003ರಲ್ಲಿ ಬಂದ ಬ್ರಿಟನ್ನಿನ 'ಮಸ್ಟ್' ಎಂಬ ತಪಾಸಣಾ ಕ್ರಮ ಹಾಸಿಗೆ ಹಿಡಿದವರನ್ನೂ ಮರೆಯಲಿಲ್ಲ. ನಿಲ್ಲಲಾಗದವರಿಗೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಅಳೆದು ಎತ್ತರ ಅಂದಾಜಿಸುತ್ತಾರೆ. ತೋಳಿನ ಸುತ್ತಳತೆ 23.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ತೂಕ ಸಾಲದೆಂದು ಊಹಿಸುತ್ತಾರೆ. ಅದೇ ವರ್ಷ ಡೆನ್ಮಾರ್ಕಿನ ಯೆನ್ಸ್ ಕೊಂಡ್ರುಪ್ ಮತ್ತು ಸಂಗಡಿಗರು 128 ಪ್ರಯೋಗಗಳನ್ನು ಜಾಲಾಡಿ 'ಎನ್‌ಆರ್‌ಎಸ್ 2002' ಎಂಬ ತಪಾಸಣಾ ಕ್ರಮ ಪ್ರಕಟಿಸಿದರು. ಕಾಯಿಲೆಯ ತೀವ್ರತೆಗೂ 70 ತುಂಬಿದ ವಯಸ್ಸಿಗೂ ಇದರಲ್ಲಿ ಅಂಕಗಳುಂಟು. ಒಟ್ಟು 3 ಮುಟ್ಟಿದರೆ ಅಪಾಯ.

ಅಂಕ ಬರೆದ ಮೇಲೆ ತಟ್ಟೆಯ ಊಟ ಬದಲಾಗದಿದ್ದರೆ ತಪಾಸಣೆಯಿಂದ ಪ್ರಯೋಜನವಿಲ್ಲ. ಸ್ವಿಟ್ಜರ್ಲೆಂಡಿನ 8 ಆಸ್ಪತ್ರೆಗಳಲ್ಲಿ ಹೀಗೆ ಗುರುತಿಸಿದ 2,000ಕ್ಕೂ ಹೆಚ್ಚು ರೋಗಿಗಳ ಅಧ್ಯಯನ 2019ರಲ್ಲಿ ಹೊರಬಂತು. ಮಾಮೂಲಿ ಊಟ ಸಿಕ್ಕವರಲ್ಲಿ 30 ದಿನಗಳಲ್ಲಿ ಸುಮಾರು ಶೇ. 10 ಮಂದಿ ಸತ್ತರೆ, ಅಗತ್ಯಕ್ಕೆ ತಕ್ಕ ಪೋಷಣೆ ಪಡೆದವರಲ್ಲಿ ಶೇ. 7.