ಬಣ್ಣವಲ್ಲದ ಮರೆ

ವಿಜಯನಗರದ ನನ್ನ ಬಾಡಿಗೆ ಕೋಣೆಯಲ್ಲಿ 1:35 ಅಳತೆಯ ಸ್ಟುವರ್ಟ್ ಟ್ಯಾಂಕಿನ ಮಾದರಿಯೊಂದು ತಯಾರಾಗುತ್ತಿದೆ. ಪ್ಲಾಸ್ಟಿಕ್ ಭಾಗಗಳನ್ನು ಸೋಪಿನ ನೀರಲ್ಲಿ ತೊಳೆದು ಒಣಗಿಸಿ, ಬೂದು ಪ್ರೈಮರನ್ನು ತೆಳುವಾಗಿ ಎರಡು ಸಲ ಹೊಡೆದೆ. ಅದಿಲ್ಲದಿದ್ದರೆ ಮೇಲಿನ ಬಣ್ಣ ಸರಿಯಾಗಿ ಹಿಡಿಯದು. ಆಮೇಲೆ ಹಸಿರು, ಕಂದು ಪಟ್ಟೆಗಳ ನಕ್ಷೆ ಬರೆಯಲು ಕೂತೆ. ಅಲ್ಲೇ ಕೈ ನಿಂತಿತು.

ನಾನು ಮಾಡಹೊರಟಿದ್ದು 1948ರಲ್ಲಿ ಜೋಜಿಲಾ ಹತ್ತಿದ ಟ್ಯಾಂಕನ್ನು. ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯನವರು ಸುಮಾರು 11,500 ಅಡಿ ಎತ್ತರದ ಆ ಹಿಮಗಣಿವೆಗೆ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್‌ಗಳನ್ನು ನುಗ್ಗಿಸಿದರು. ನಮ್ಮ ಬೆಂಗಳೂರನ್ನೇ ಕೇಂದ್ರವಾಗಿಸಿಕೊಂಡ ಮದ್ರಾಸ್ ಸ್ಯಾಪರ್ಸ್ ಯೋಧರು ಹೇಸರಗತ್ತೆಯ ದಾರಿಯನ್ನು ಅದಕ್ಕಾಗಿ ಅಗಲಗೊಳಿಸಿದರು. ಗುಟ್ಟು ಬಯಲಾಗದಂತೆ ಟ್ಯಾಂಕುಗಳನ್ನು ಗೋಪುರ ಕಳಚಿಯೇ ಶ್ರೀನಗರ ದಾಟಿಸಿದ್ದರು. ನವೆಂಬರ್ 1ರಂದು, ಅಷ್ಟು ಎತ್ತರದಲ್ಲಿ ಟ್ಯಾಂಕು ಬರಬಹುದೆಂದು ಎಣಿಸದಿದ್ದ ಎದುರಾಳಿಗಳು ಹಿಮ್ಮೆಟ್ಟಿದರು.

ಅಲ್ಲಿ ಟ್ಯಾಂಕನ್ನು ಮರೆಮಾಚಿದ್ದು ಬಣ್ಣವಲ್ಲ, ಗೋಪುರವಿಲ್ಲದ ಅದರ ಆಕಾರ. ಪಟ್ಟೆ ಎಳೆದರೆ ಮಾದರಿ ಚೆಂದ ಕಾಣುತ್ತದೆ, ನಿಜ. ಆದರೆ ಆಧಾರವಿಲ್ಲದ ಚೆಂದ, ಇತಿಹಾಸ ಓದುವವರ ಮಟ್ಟಿಗೆ, ಸುಳ್ಳೇ. ನಕ್ಷೆ ಹರಿದುಹಾಕಿದೆ. ಟ್ಯಾಂಕಿಗೆಲ್ಲ ಒಂದೇ ಮಾಸಲು ಹಸಿರು ಸಾಕು. ಗೋಪುರವನ್ನು ಅಂಟಿಸುವುದಿಲ್ಲ, ಪಕ್ಕದಲ್ಲೇ ಇಡುತ್ತೇನೆ. ನೋಡಿದವರು ‘ಯಾಕೆ ಅರ್ಧಕ್ಕೇ ಬಿಟ್ಟೆ?’ ಎಂದು ಕೇಳಲಿ. ಕಥೆ ಅಲ್ಲಿಂದಲೇ ಶುರುವಾಗುತ್ತದೆ.