ಹೆದ್ದಾರಿಯಾಚೆಯ ಶಾಲೆ

ಫಿಲಡೆಲ್ಫಿಯಾದ ಚೈನಾಟೌನಿನ ಉತ್ತರದ ಅಂಚಿಗೆ ಬಂದು ನಿಂತರೆ, ನೆಲವನ್ನು ಉದ್ದಕ್ಕೂ ಸೀಳಿದಂತೆ ಹೆದ್ದಾರಿಯೊಂದು ತಗ್ಗಿನಲ್ಲಿ ಸಾಗುತ್ತದೆ. ಅದರಾಚೆ, ಕೇರಿಯಿಂದ ಕಳಚಿಕೊಂಡಂತೆ, ಒಂದು ಚರ್ಚು ಮತ್ತು ಶಾಲೆ. 1941ರಲ್ಲಿ ಚೀನೀಯರಿಗೆಂದೇ ಕಟ್ಟಿದ ಹೋಲಿ ರಿಡೀಮರ್ ಅದು. ಆ ಕಟ್ಟಡ ಉಳಿದ ಕಥೆಯೇ ಈ ಕೇರಿ ಉಳಿದ ಕಥೆಯೂ ಹೌದು.

1870ರ ದಶಕದಲ್ಲಿ ಲೀ ಫಾಂಗ್ ಎಂಬಾತ ರೇಸ್ ಸ್ಟ್ರೀಟಿನ 913ನೇ ನಂಬರಿನಲ್ಲಿ ಲಾಂಡ್ರಿ ತೆರೆದ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಚೀನೀಯರ ಮೇಲೆ ಹಲ್ಲೆಗಳು ನಡೆಯುತ್ತಿದ್ದ ಕಾಲ ಅದು. ಅನೇಕರು ಪೂರ್ವದ ಊರುಗಳತ್ತ ಬಂದರು. 1882ರ ಕಾನೂನು ಚೀನೀ ಕೂಲಿಕಾರರಿಗೆ ದೇಶದ ಬಾಗಿಲನ್ನೇ ಮುಚ್ಚಿತು. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲಾಗದ ಗಂಡಸರೇ ಇಲ್ಲಿ ಹೆಚ್ಚಾಗಿ ಉಳಿದರು. 1943ರಲ್ಲಿ ಆ ನಿಷೇಧ ಹೋಗಿ, 1965ರ ವಲಸೆ ಕಾನೂನು ಬಂದ ಮೇಲೆಯೇ ಸಂಸಾರಗಳು ದೊಡ್ಡ ಸಂಖ್ಯೆಯಲ್ಲಿ ಬಂದು ನೆಲೆಸಿದ್ದು.

ಕೇರಿಯಲ್ಲಿ ಮಕ್ಕಳ ಸದ್ದು ತುಂಬತೊಡಗಿದ ಅದೇ ಹೊತ್ತಿಗೆ ರಸ್ತೆಯ ನಕ್ಷೆ ಬಂತು. ವೈನ್ ಸ್ಟ್ರೀಟ್ ಎಕ್ಸ್‌ಪ್ರೆಸ್‌ವೇಗಾಗಿ ಹೋಲಿ ರಿಡೀಮರ್ ಕೆಡವಬೇಕೆಂಬ ಸುದ್ದಿ 1966ರಲ್ಲಿ ಹರಡಿದಾಗ, ಅದುವರೆಗೆ ಸರ್ಕಾರದ ಎದುರು ದನಿ ಎತ್ತದವರೂ ಬೀದಿಗೆ ಬಂದರು. ಸಿಸಿಲಿಯಾ ಮೊಯ್ ಯೆಪ್ ಮುಂತಾದವರ ಮುಂದಾಳತ್ವದಲ್ಲಿ 1969ರಲ್ಲಿ ಫಿಲಡೆಲ್ಫಿಯಾ ಚೈನಾಟೌನ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಹುಟ್ಟಿತು. ಈ ಹೆಸರನ್ನು ಗಮನಿಸಬೇಕು. ಕೇರಿ ಉಳಿಸಲು ಹೊರಟವರು ತಮ್ಮನ್ನು ಕರೆದುಕೊಂಡದ್ದು ಅಭಿವೃದ್ಧಿ ಸಂಸ್ಥೆಯೆಂದು.

ಕಾಲು ಶತಮಾನದ ಹಗ್ಗಜಗ್ಗಾಟದ ನಂತರ, 1991ರಲ್ಲಿ ರಸ್ತೆ ಮುಗಿಯಿತು. ಮೊದಲ ನಕ್ಷೆಗಿಂತ ಕಿರಿದಾಗಿತ್ತು, ನೆಲಮಟ್ಟದಿಂದ ಕೆಳಗಿಳಿದಿತ್ತು. ಶಾಲೆ ಉಳಿಯಿತು. ಆದರೆ ಕೇರಿ ಎರಡಾಯಿತು.

ಉಳಿದ ದಿಕ್ಕುಗಳಲ್ಲೂ ಒತ್ತಡ ಬಿಡಲಿಲ್ಲ. 1977ರಲ್ಲಿ ದಕ್ಷಿಣಕ್ಕೆ ಗ್ಯಾಲರಿ ಮಾಲ್, 1993ರಲ್ಲಿ ಪಶ್ಚಿಮಕ್ಕೆ ಕನ್ವೆನ್ಷನ್ ಸೆಂಟರ್. 2000ದಲ್ಲಿ ಬೇಸ್‌ಬಾಲ್ ಸ್ಟೇಡಿಯಂ ಕಟ್ಟುವ ಮಾತೆದ್ದು, ಪ್ರತಿಭಟನೆಯ ಮುಂದೆ ನಿಲ್ಲಲಾರದೆ ಬಿದ್ದುಹೋಯಿತು. 2008ರಲ್ಲಿ ಕ್ಯಾಸಿನೊ, ಅದೂ ಬರಲಿಲ್ಲ. ಸ್ಟೇಡಿಯಂ ತಡೆದವರ ಪೈಕಿ ಕೆಲವರು 2005ರಲ್ಲಿ ಅಲ್ಲೇ ಹತ್ತಿರ ಮಕ್ಕಳಿಗೊಂದು ಹೊಸ ಶಾಲೆ ತೆರೆದರು.

2022ರಲ್ಲಿ ಬಂದದ್ದು ಇವೆಲ್ಲಕ್ಕಿಂತ ದೊಡ್ಡದು: ಸೆವೆಂಟಿಸಿಕ್ಸರ್ಸ್ ಬಾಸ್ಕೆಟ್‌ಬಾಲ್ ತಂಡದ 130 ಕೋಟಿ ಡಾಲರಿನ ಕ್ರೀಡಾಂಗಣ. ಅದು ಚೈನಾಟೌನಿನ ಒಳಗಲ್ಲ, ಪಕ್ಕಕ್ಕೆ ಎಂದು ಯೋಜಕರು ಹೇಳುತ್ತಿದ್ದರು. ಕೇರಿಯವರು ವಾಷಿಂಗ್‌ಟನ್ನಿನತ್ತ ಬೊಟ್ಟು ಮಾಡಿದರು. ಅಲ್ಲಿನ ಚೈನಾಟೌನಿನಲ್ಲಿ 1997ರಲ್ಲಿ ಇಂಥದೇ ಕ್ರೀಡಾಂಗಣ ತೆರೆಯಿತು. ಬಾಡಿಗೆ ಏರಿತು, ಹಳಬರು ಹೊರಟರು. ಚೀನೀ ಕಮಾನು ಈಗಲೂ ಇದೆ, ಹೊರಗಿನಿಂದ ಬಂದ ಅಂಗಡಿಗಳ ಬೋರ್ಡಿನ ಮೇಲೆ ಚೀನೀ ಅಕ್ಷರಗಳೂ ಇವೆ. ಅವನ್ನು ಓದಿಕೊಳ್ಳುವವರು ಬೆರಳೆಣಿಕೆ. ಕಮಾನಿಗೆ ಬಣ್ಣ ಹೊಡೆಸುವುದನ್ನೇ ಸಂರಕ್ಷಣೆ ಎಂದುಕೊಂಡರೆ ಆಗುವುದು ಹೀಗೆ.

ಫಿಲಡೆಲ್ಫಿಯಾದ ನಗರಸಭೆ 2024ರ ಡಿಸೆಂಬರಿನಲ್ಲಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ತಿಂಗಳೊಳಗೆ, 2025ರ ಜನವರಿಯಲ್ಲಿ, ತಂಡದವರೇ ಮನಸ್ಸು ಬದಲಿಸಿ ದಕ್ಷಿಣ ಫಿಲಡೆಲ್ಫಿಯಾದಲ್ಲೇ ಉಳಿಯುವುದಾಗಿ ಹೇಳಿದರು. ಕೇರಿಯವರು ನೆಮ್ಮದಿಯ ನಿಟ್ಟುಸಿರು ಬಿಟ್ಟರು. ಆದರೆ ನಗರಸಭೆಯ ಒಪ್ಪಿಗೆ, ತಂಡದ ಮನಸ್ಸು ಬದಲು, ಎರಡೂ ಆದದ್ದು ವರ್ಷಗಟ್ಟಲೆ ಹೋರಾಡಿದವರ ಕೈ ಮೀರಿ. ಆ ನೋವು ಸಣ್ಣದಲ್ಲ.

ಈ ಜನರನ್ನು ಕಟ್ಟಡಗಳ ವಿರೋಧಿಗಳೆಂದು ಕರೆಯುವುದು ಅನ್ಯಾಯ. 1969ರ ಅದೇ ಸಂಸ್ಥೆ ಕಡಿಮೆ ಆದಾಯದವರಿಗೆ ಮನೆಗಳನ್ನು ಕಟ್ಟುತ್ತಾ ಬಂದಿದೆ. 2019ರಲ್ಲಿ ಹೆದ್ದಾರಿಯ ಅಂಚಿನಲ್ಲೇ 20 ಅಂತಸ್ತಿನ ಕ್ರೇನ್ ಚೈನಾಟೌನ್ ಕಟ್ಟಡವನ್ನು ಎಬ್ಬಿಸಿತು. ಅದರಲ್ಲಿ ಮನೆಗಳ ಜೊತೆಗೆ ಸಮುದಾಯ ಕೇಂದ್ರವೂ ಇದೆ. ಎತ್ತರ ಅವರಿಗೆ ಎಂದೂ ತಕರಾರಾಗಿರಲಿಲ್ಲ. ಕಟ್ಟಿದ ಮೇಲೆ ಒಳಗೆ ಇರುವವರು ಯಾರು ಎಂಬುದಷ್ಟೇ ಅವರ ಪ್ರಶ್ನೆ.

ಹೆದ್ದಾರಿಯ ಮೇಲೆ ಚಾವಣಿ ಹೊದಿಸಿ ಎರಡು ಭಾಗವನ್ನು ಹೊಲಿಯುವ ‘ಚೈನಾಟೌನ್ ಸ್ಟಿಚ್’ ಯೋಜನೆಗೆ ಕೇಂದ್ರ ಸರ್ಕಾರ 2024ರಲ್ಲಿ ಸುಮಾರು 15.9 ಕೋಟಿ ಡಾಲರ್ ಘೋಷಿಸಿತು. ಮರುವರ್ಷ ಅದರ ಬಹುಪಾಲನ್ನು ಹಿಂದಕ್ಕೆ ಪಡೆಯಿತು. ಸದ್ಯಕ್ಕೆ ಕೇರಿಯಿಂದ ಹೋಲಿ ರಿಡೀಮರ್‌ಗೆ ಹೋಗಬೇಕಾದವರು, ಕೆಳಗೆ ಹರಿಯುವ ವಾಹನಗಳ ಸದ್ದಿನ ನಡುವೆ, ಸೇತುವೆ ದಾಟಿಯೇ ಹೋಗಬೇಕು.