ಮುಮ್ಮೇಳ, ಹಿಮ್ಮೇಳ ಮತ್ತು ಆಂಪ್ಲಿಫೈಯರ್

ಯಕ್ಷಗಾನ ನೋಡಿದವರಿಗೆ ಮುಮ್ಮೇಳ, ಹಿಮ್ಮೇಳ ಎಂದರೇನೆಂದು ಹೇಳಬೇಕಾಗಿಲ್ಲ. ವೇಷಧಾರಿ ಮುಂದೆ, ಭಾಗವತರು, ಮದ್ದಳೆ, ಚೆಂಡೆ ಹಿಂದೆ. ಕಣ್ಣು ಮುಚ್ಚಿ ಕುಳಿತರೂ ಈ ಹಿಂದುಮುಂದು ಕಿವಿಗೆ ತಿಳಿಯುತ್ತದೆ. ಮನೆಯಲ್ಲಿ ಎರಡು ಸ್ಪೀಕರ್ ಇಟ್ಟು ಹಾಡು ಕೇಳುವಾಗಲೂ ಇಂಥದೇ ಒಂದು ರಂಗಸ್ಥಳ ಎದುರಿಗೆ ಮೂಡುತ್ತದೆ. ಅದಕ್ಕೆ ಎಡಬಲ ಇರುವಂತೆ ಆಳವೂ ಇದೆ. ಈ ಆಳ ಬರುವುದು ಎಲ್ಲಿಂದ? "ಹಳೆಯ ವಾಲ್ವ್ ಸೆಟ್ಟಿನಲ್ಲಿ ಮಾತ್ರ" ಎನ್ನುವವರು ಬಹಳ ಮಂದಿ. ಆ ನಂಬಿಕೆಯಿಂದಲೇ ವಾಲ್ವ್ ಆಂಪ್ಲಿಫೈಯರಿಗೆ ಲಕ್ಷಗಟ್ಟಲೆ ಸುರಿಯುವವರೂ ಇದ್ದಾರೆ. ಇದು ಎಷ್ಟು ನಿಜ ಎಂದು ಇತಿಹಾಸ ಹಿಡಿದು ನೋಡೋಣ.

ಮೂರು ಧ್ರುವಗಳ ವಾಲ್ವನ್ನು ಅಮೆರಿಕದ ಲೀ ಡಿ ಫಾರೆಸ್ಟ್ ಮಾಡಿದ್ದು 1906ರಲ್ಲಿ. ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಹೊರಡಿಸಿದ್ದೂ ವಾಲ್ವಿನ ಬಲದಿಂದಲೇ. ಕೋಳಿಕ್ಕೋಡು ನಿಲಯ 1950ರಲ್ಲಿ, ಬೆಂಗಳೂರು ನಿಲಯ 1955ರಲ್ಲಿ ಶುರುವಾದವು. ವಯನಾಡು ಈ ಎರಡರ ನಡುವಿನ ನಾಡು. ಘಟ್ಟದ ಕೆಳಗಿನಿಂದ ಮಲಯಾಳ, ಗುಂಡ್ಲುಪೇಟೆಯ ದಿಕ್ಕಿನಿಂದ ಕನ್ನಡ. ಗಡಿಯ ಈಚೆಗಿನ ನಮಗೆ ರೇಡಿಯೋದ ಮುಳ್ಳು ತಿರುಗಿಸುವುದೆಂದರೆ ಭಾಷೆ ಬದಲಿಸುವುದೇ ಆಗಿತ್ತು!

ಆದರೆ ಒಂದು ಮಾತು. ಆ ಮರದ ಪೆಟ್ಟಿಗೆಯ ರೇಡಿಯೋಗಳಲ್ಲಿ ಸಾಮಾನ್ಯವಾಗಿ ಇದ್ದದ್ದು ಒಂದೇ ಸ್ಪೀಕರ್. ಮೀಡಿಯಂ ವೇವ್‌ನಲ್ಲಿ ಸುಮಾರು 5 ಕಿಲೋಹರ್ಟ್ಸ್‌ಗಿಂತ ಮೇಲಿನ ದನಿ ಹೆಚ್ಚುಕಡಿಮೆ ಬರುವುದೇ ಇಲ್ಲ. ಎಡಬಲವಿಲ್ಲದ, ಮೇಲಿನ ಸ್ವರಾಂಶ ಕತ್ತರಿಸಿದ, ಮರದ ಪೆಟ್ಟಿಗೆಯ ಗುಂಯ್‌ಗುಡುವಿಕೆ ಸೇರಿದ ದನಿ ಅದು. ಹಿರಿಯರು ನೆನೆಯುವ 'ಗಂಭೀರ ದನಿ' ಇದೇ. ಕೇಳಲು ಹಿತ, ನಿಜ. ಆದರೆ ಅದು ರಂಗಸ್ಥಳದ ಆಳವಲ್ಲ.

ಟ್ರಾನ್ಸಿಸ್ಟರ್ ಹುಟ್ಟಿದ್ದು 1947ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವ್ ತಯಾರಿಸತೊಡಗಿತು. ಮರುವರ್ಷವೇ ಜರ್ಮೇನಿಯಂ ಅರೆವಾಹಕಗಳೂ ಅಲ್ಲಿ ತಯಾರಾದವು. ಅಜ್ಜನೂ ಮೊಮ್ಮಗನೂ ಒಂದೇ ತೊಟ್ಟಿಲಲ್ಲಿ! ಕರೆಂಟ್ ಬಾರದ ಮನೆಗೂ ಬ್ಯಾಟರಿ ಸೆಟ್ ಬಂತು. ಆದರೆ ಮೊದಮೊದಲ ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳು ಕೆಲಸ ಹಂಚಿಕೊಳ್ಳುವ ಎರಡು ಟ್ರಾನ್ಸಿಸ್ಟರುಗಳ ನಡುವೆ ದನಿಯನ್ನು ಎಡವಿಸುತ್ತಿದ್ದವು. ಸಣ್ಣ ದನಿಯಲ್ಲಿ ಕರಕರ ಕೇಳುತ್ತಿತ್ತು. ಹಿಮ್ಮೇಳದ ಸೂಕ್ಷ್ಮ ಇರುವುದೇ ಸಣ್ಣ ದನಿಯಲ್ಲಿ. ಟ್ರಾನ್ಸಿಸ್ಟರಿಗೆ ಕೆಟ್ಟ ಹೆಸರು ಬರಲು ಇದೊಂದು ದೊಡ್ಡ ಕಾರಣ. ದೋಷ ಆಮೇಲೆ ಸರಿಹೋಯಿತು, ಹೆಸರು ಉಳಿಯಿತು.

ಹಾಗಾದರೆ ವಾಲ್ವಿನ ದನಿ ಬೇರೆ ಎನ್ನುವುದು ಬರಿಯ ಭ್ರಮೆಯೇ? ಅಲ್ಲ. ವಾಲ್ವ್ ಹೆಚ್ಚಾಗಿ ಸೇರಿಸುವುದು ಎರಡನೆಯ ಸಂಗತ ಸ್ವರವನ್ನು, ಅಂದರೆ ಅದೇ ಸ್ವರದ ಮೇಲಿನ ಸ್ಥಾಯಿಯನ್ನು. ಅದು ಕಿವಿಗೆ ಚುಚ್ಚುವುದಿಲ್ಲ. ಇನ್ನೊಂದು ಕಾರಣ ಲೆಕ್ಕದಲ್ಲೇ ಇದೆ. ವಾಲ್ವ್ ಆಂಪ್ಲಿಫೈಯರಿನ ಒಳತಡೆ 2 ಓಮ್ ಎಂದುಕೊಳ್ಳಿ. ಸ್ಪೀಕರಿನ ತಡೆ ಒಂದು ಸ್ವರಕ್ಕೆ 8 ಓಮ್, ಇನ್ನೊಂದಕ್ಕೆ 30 ಓಮ್ ಆದರೆ ಆ ಎರಡನೆಯ ಸ್ವರ ಸುಮಾರು 1.4 ಡೆಸಿಬೆಲ್ ಜೋರಾಗುತ್ತದೆ. ಒಳತಡೆ ಓಮಿನ ನೂರನೇ ಭಾಗಗಳಲ್ಲಿರುವ ಟ್ರಾನ್ಸಿಸ್ಟರಿನಲ್ಲಿ ಹೀಗಾಗುವುದಿಲ್ಲ. ಸ್ವರಗಳ ಏರಿಳಿತ ಇಷ್ಟು ಬದಲಾದರೆ ಗಾಯಕ ಒಂದು ಹೆಜ್ಜೆ ಹಿಂದೆ ಸರಿದಂತೆ ಅನಿಸಬಹುದು.

1985ರಲ್ಲಿ ಅಮೆರಿಕದ ಬಾಬ್ ಕಾರ್ವರ್ ಇದನ್ನೇ ಪಣಕ್ಕಿಟ್ಟರು. ತಮ್ಮ ಅಗ್ಗದ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನು ತಿದ್ದಿ, 'ಸ್ಟೀರಿಯೋಫೈಲ್' ಪತ್ರಿಕೆಯವರು ಆರಿಸಿದ ದುಬಾರಿ ಆಂಪ್ಲಿಫೈಯರಿಗೆ ಸರಿಹೊಂದಿಸಿದರು. ಪತ್ರಿಕೆಯವರಿಗೆ ವ್ಯತ್ಯಾಸ ಕಂಡುಹಿಡಿಯಲಾಗಲಿಲ್ಲ. ಅಂದರೆ ಆ ಗುಣ ಗಾಜಿನ ಬುರುಡೆಯ ಮಾಯೆಯಲ್ಲ. ಅಳೆಯಬಹುದಾದ, ಬೇಕಾದರೆ ನಕಲು ಮಾಡಬಹುದಾದ ಸಂಗತಿ.

ಎರಡು ಸ್ಪೀಕರಿನ ರಂಗಸ್ಥಳವನ್ನು ಕಟ್ಟಿಕೊಟ್ಟವರು ಬ್ರಿಟನ್ನಿನ ಅಲನ್ ಬ್ಲೂಮ್ಲಿನ್. 1931ರ ಅವರ ಸ್ಟೀರಿಯೋ ಪೇಟೆಂಟ್ ಅರ್ಜಿಯಲ್ಲಿ ಮೈಕ್ ಇಡುವ ಕ್ರಮವೂ ಒಂದು ಮುಖ್ಯ ಮಾತು. ಆಳದ ಗುಟ್ಟು ಅಲ್ಲೇ ಇದೆ. ಹತ್ತಿರದ ದನಿ ನೇರವಾಗಿ ಬರುತ್ತದೆ, ದೂರದ ದನಿ ಗೋಡೆಗಳ ಮಾರ್ದನಿಯನ್ನೂ ಹೊತ್ತು ತರುತ್ತದೆ. ಇವೆರಡರ ಪ್ರಮಾಣದಿಂದ ಕಿವಿ ದೂರ ಅಳೆಯುತ್ತದೆ. ಮುದ್ರಣದಲ್ಲಿ ಮಾರ್ದನಿಯೇ ಇಲ್ಲದಿದ್ದರೆ ಯಾವ ವಾಲ್ವೂ ಅದನ್ನು ಹುಟ್ಟಿಸಲಾರದು. ಮನೆಯಲ್ಲಿ ನಾವು ಮಾಡಬೇಕಾದ್ದು ಇಷ್ಟೇ: ಸ್ಪೀಕರುಗಳನ್ನು ಹಿಂದಿನ ಗೋಡೆಯಿಂದ ಎರಡು ಮೂರು ಅಡಿ ಮುಂದಿಡಿ, ನುಣುಪಾದ ಟೈಲ್ಸ್ ನೆಲಕ್ಕೊಂದು ಜಮಖಾನ ಹಾಸಿ. ಇದರ ಖರ್ಚು ಹೆಚ್ಚೆಂದರೆ ಆ ಜಮಖಾನದ್ದು.

ವಯನಾಡಿನಲ್ಲಿ ಈ ವಿಚಾರಕ್ಕೆ ಇನ್ನೊಂದು ಮಗ್ಗುಲಿದೆ. ಇಲ್ಲಿ ಬೆಟ್ಟ ಕುರುಬರ, ಕಾಟ್ಟುನಾಯ್ಕರ ಮಾತು ಕನ್ನಡಕ್ಕೆ ಬಹಳ ಹತ್ತಿರ. ಅವರ ಹಾಡುಗಳನ್ನು ಮೊಬೈಲಿನಲ್ಲಿ ಬಾಯಿಗೆ ಹಿಡಿದು ಮುದ್ರಿಸಿದರೆ ಪದ ಉಳಿಯುತ್ತದೆ. ಅಂಗಳ, ಸುತ್ತ ನಿಂತು ದನಿಗೂಡಿಸುವವರು, ದೂರದ ತುಡಿ ಉಳಿಯುವುದಿಲ್ಲ. ಅದನ್ನು ಮುಂದೆ ಯಾವ ಆಂಪ್ಲಿಫೈಯರೂ ತಂದುಕೊಡದು. ಹಣವಿದ್ದವರು ಒಂದು ಜೋಡಿ ಒಳ್ಳೆಯ ಮೈಕಿಗೆ ಹಾಕಿದರೆ ಅದು ಸಾರ್ಥಕ.

ಮಾನಂದವಾಡಿ ಸಮೀಪದ ದ್ವಾರಕಾದಲ್ಲಿ 2009ರಲ್ಲಿ ಸಮುದಾಯ ರೇಡಿಯೋ ಆರಂಭವಾದಾಗ ಅದಕ್ಕೆ 'ಮಾಟ್ಟೊಲಿ' ಎಂದು ಹೆಸರಿಟ್ಟರು. ನಮ್ಮ ಕನ್ನಡದಲ್ಲಿ ಹೇಳುವುದಾದರೆ, ಮಾರ್ದನಿ.